ಅವ್ವ ಹೊಲಿದ ಹಾಯಿ

ಹೊಸ ಆಫೀಸಿನಲ್ಲಿ ನಾನು ಹೇಳಿದ್ದು ಒಂದೇ ಒಂದು ಸುಳ್ಳು: ನಮ್ಮವ್ವ ಮನೆಯಲ್ಲೇ ಇರುತ್ತಾಳೆ ಅಂತ. ಅವಳೋ ಕಮಲಾಪುರದಿಂದ ದಿನಾ ಬೆಳಗಿನ ಬಸ್ಸು ಹತ್ತಿ ಕಲಬುರಗಿಯ ದಾಲ್‌ಮಿಲ್ಲಿಗೆ ಬಂದು ತೊಗರಿಬೇಳೆ ಚೀಲಗಳ ಬಾಯಿ ಹೊಲಿಯುತ್ತಿದ್ದಳು. ಇಸ್ತ್ರಿ ಅಂಗಿ ತೊಟ್ಟ ಮೇಲೆ ನನ್ನ ತಲೆ ನೆಟ್ಟಗಿರಲಿಲ್ಲ. ಮಿಲ್ಲಿನ ಮುಂದೆ ಆಟೋದಲ್ಲಿ ಹೋಗುವಾಗ ಮುಖ ಬೇರೆ ಕಡೆ ತಿರುಗಿಸುತ್ತಿದ್ದೆ, ನಾಚಿಕೆಗೇಡಿ.

ಹೀಗಿರುವಾಗ ಆಫೀಸಿನವರೆಲ್ಲ ಮನೆಮಂದಿ ಸಮೇತ ಕಾಶಿಗೆ ಹೊರಟರು. ಅವ್ವನನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ರೈಲಿನಲ್ಲೇ ಅವಳಿಗೆ ಹೇಳಿಬಿಟ್ಟೆ: "ಮಿಲ್ಲಿನ ಸುದ್ದಿ ಯಾರ ಮುಂದೂ ತೆಗೀಬ್ಯಾಡವಾ." ಅವಳು ಎಲೆಗೆ ಸುಣ್ಣ ಹಚ್ಚುತ್ತಾ "ಆತು ಬಿಡು" ಅಂದಳು, ಅಷ್ಟೆ.

ಕಾಶಿಯಲ್ಲಿ ಮೋಟಾರ್ ದೋಣಿ ಬೇಡ, ಆರಾಮಾಗಿ ಹೋಗೋಣ ಅಂತ ನಮ್ಮ ಸಾಹೇಬರು ಹಳೆಯದೊಂದು ಹಾಯಿದೋಣಿ ಗೊತ್ತು ಮಾಡಿದರು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಗಂಗೆಯ ಹರಿವಿಗೆ ಎದುರಾಗಿ ದೋಣಿ ನಿಧಾನಕ್ಕೆ ಸಾಗಿತು. ಎಲ್ಲರೂ ಚೂಡಾ ತಿನ್ನುತ್ತ ಘಾಟುಗಳನ್ನು ನೋಡುತ್ತಿದ್ದರೆ ಅವ್ವ ಮಾತ್ರ ಕತ್ತೆತ್ತಿ ಹಾಯಿಯನ್ನೇ ನೋಡುತ್ತಿದ್ದಳು. ಅದು ಹಳೇ ಗೋಣಿಚೀಲಗಳನ್ನು ಬಿಡಿಸಿ ಜೋಡಿಸಿದ ಹಾಯಿ.

"ಈ ಹೊಲಿಗಿ ತಡಿಯಂಗಿಲ್ಲ ತಮ್ಮಾ. ಸುತಳಿ ಬಿಗಿಯಾಗಿ ಜಗ್ಗೇ ಇಲ್ಲ," ಅಂದಳು. ಸುಮ್ಮನಿರು ಅಂತ ಅವಳ ಮೊಣಕೈ ತಿವಿದೆ.

ಎರಡು ಘಾಟು ದಾಟುವುದರೊಳಗೆ ಹಾಯಿ ಪರ್ರನೆ ಹರಿಯಿತು. ದೋಣಿ ಹಿಂದಕ್ಕೆ ಸರಿಯತೊಡಗಿತು. ಅಂಬಿಗ ಹುಟ್ಟು ಹಾಕಿ ಹೇಗೋ ದಂಡೆಗೆ ತಂದ, ಇನ್ನು ಮುಂದೆ ಹೋಗಲಾಗದು ಎಂದು ಕೈ ಅಲ್ಲಾಡಿಸಿದ. ಸಾಹೇಬರ ಮುಖ ಸಪ್ಪಗಾಯಿತು.

ಅವ್ವ ನನ್ನತ್ತ ಒಮ್ಮೆ ನೋಡಿದಳು. ನಾನು ತಲೆ ತಗ್ಗಿಸಿದೆ. ಆಮೇಲೆ ಅವಳು ನನ್ನನ್ನು ಕೇಳಲೇ ಇಲ್ಲ. "ಉತಾರೋ ಭಯ್ಯಾ," ಎಂದು ಅಂಬಿಗನಿಗೆ ಹಾಯಿ ಇಳಿಸಲು ಹೇಳಿ, ಎಲೆಅಡಿಕೆ ಸಂಚಿಯಿಂದ ದಬ್ಬಣ ತೆಗೆದು, ಅವನಿಂದಲೇ ಸುತಳಿ ಇಸಿದುಕೊಂಡು ಕೂತಳು. ಅಂಚನ್ನು ಎರಡು ಮಡಿಕೆ ಮಡಚಿ, ಕಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಪ್ರತಿ ಹೊಲಿಗೆಗೂ ಒಮ್ಮೆ ಬಲವಾಗಿ ಜಗ್ಗುವಳು. ಕೈ ಏನು ಓಡುತ್ತಿತ್ತು ಅಂತೀರಿ. ಇಷ್ಟು ವರ್ಷ ಆ ಕೈಯ ಅನ್ನ ಉಂಡವನು, ಅದು ಕೆಲಸ ಮಾಡುವುದನ್ನು ಕಣ್ಣುಬಿಟ್ಟು ನೋಡಿರಲೇ ಇಲ್ಲ.

ಹಾಯಿ ಮತ್ತೆ ಏರಿತು, ಗಾಳಿ ತುಂಬಿಕೊಂಡು ಉಬ್ಬಿತು. ಹೊಲಿಗೆ ಅಲುಗಲಿಲ್ಲ. ದೋಣಿಯವರೆಲ್ಲ ಚಪ್ಪಾಳೆ ತಟ್ಟಿದರು.

"ಕೈ ಭಾರಿ ಅದ ನೋಡ್ರಿ ಅವ್ವಾರ ನಿಮ್ದು. ಎಲ್ಲಿ ಕಲ್ತ್ರಿ?" ಸಾಹೇಬರು ಕೇಳಿದರು.

"ಮನ್ಯಾಗ ಕೌದಿ ಹೊಲಿತಿದ್ನಿರಿ..."

ಅವ್ವ ನನ್ನ ಮಾನ ಕಾಯಲು ಹೊರಟಿದ್ದಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ, ದೋಣಿ ಓಲಾಡಿತು.

"ಸುಳ್ಳು ರೀ ಸಾಹೇಬ್ರ. ಮನ್ಯಾಗ ಇರ್ತಾಳ ಅಂತ ನಾ ಹೇಳಿದ್ದೂ ಸುಳ್ಳೇ. ನಮ್ಮವ್ವ ದಾಲ್‌ಮಿಲ್ಲಿನ್ಯಾಗ ಚೀಲ ಹೊಲಿತಾಳ. ಇಪ್ಪತ್ತು ವರ್ಷ ಆತು. ನನ್ನ ಓದಿಸಿದ್ದು ಇದೇ ದಬ್ಬಣ."

ಯಾರೂ ನಗಲಿಲ್ಲ. ಅವ್ವ ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ನನ್ನನ್ನು ತಿದ್ದಿದಳು:

"ಇಪ್ಪತ್ತಲ್ಲೋ, ಇಪ್ಪತ್ತೆರಡು."