ಚಿಗವ್ವ ಮರೆತುಹೋದ ಡಬ್ಬಿ

ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಅವ್ವ ಎಲೆಯ ದರ್ಜೆ ಹೇಳುತ್ತಿದ್ದಳು. ಹಿಡಿ ಎಲೆ ಮೂಗಿಗೆ ಹಿಡಿದು ಒಮ್ಮೆ ಉಸಿರೆಳೆದು, ಯಾವ ರಾಶಿಗೆ ಹಾಕಬೇಕೆಂದು ಕೈ ತೋರಿಸುತ್ತಿದ್ದಳು. ಅಷ್ಟು ವರ್ಷದ ಘಾಟಿಗೋ ಏನೋ, ಮೂಗಿನೊಳಗೆ ದುರ್ಮಾಂಸ ಬೆಳೆಯಿತು. ಘಾಟೇ ಕಾರಣವೆಂದು ಆಗ ಎಲ್ಲರೊಡನೆ ವಾದಿಸುತ್ತಿದ್ದೆ, ಈಗ ಅಷ್ಟು ಖಚಿತವಿಲ್ಲ. ವಾಸನೆ ಹೋಯಿತು. ಒಂದು ವರ್ಷ ಬಣ್ಣ ನೋಡಿ, ಎಲೆ ತಿಕ್ಕಿ, ಅಂದಾಜಿನ ಮೇಲೆ ದರ್ಜೆ ಹೇಳಿ ಕೆಲಸ ಉಳಿಸಿಕೊಂಡಳು.

ಎಂಬತ್ತರ ದಶಕದ ಕೊನೆಯ ಮಾತು. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಮಿರಜಿನಲ್ಲಿ ಅವ್ವನ ಆಪರೇಶನ್ ಆಯಿತು. ದುರ್ಮಾಂಸ ತೆಗೆದ ಜಾಗದಲ್ಲಿ ಎಲುಬು ಬರಿದಾಗಿತ್ತಂತೆ. ಮೂಗಿನೊಳಗೇ ಬೇರೆ ಕಡೆಯಿಂದ ತೆಳು ಪೊರೆ ತೆಗೆದು ಅಲ್ಲಿ ಹೊಚ್ಚಿದ್ದರು. ಮಾವಿಗೆ ಕಸಿ ಕಟ್ಟಿದ ಹಾಗೆ, ಹಿಡಿದುಕೊಳ್ಳುವ ತನಕ ಅಲುಗಾಡಿಸಬಾರದು ಎಂದು ಡಾಕ್ಟರು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ತಿಳಿಸಿದರು. ಮೇಲೆ ಕಪ್ಪು ಹಕ್ಕಳೆ ಕಟ್ಟುತ್ತದೆ, ಅದು ತಾನೇ ಉದುರಬೇಕು, ಉಪ್ಪುನೀರು ಹನಿಸಿದರೆ ಸಾಕು ಎಂದೂ ಅಂದರು. ಅಥವಾ ಹಕ್ಕಳೆಯ ಮಾತನ್ನು ಎಲ್ಲ ಮುಗಿದ ಮೇಲೆ ಅಂದರೋ? ಮೊದಲೇ ಅಂದಿರಲಿಲ್ಲ ಎಂದು ನೆನೆಯುವುದು ನನಗೆ ಅನುಕೂಲ, ಹಾಗಾಗಿ ಅದನ್ನು ನಂಬಲು ಹಿಂಜರಿಯುತ್ತೇನೆ.

ಮೂಗಿಗೆ ತುರುಕಿದ್ದ ಅರಿವೆಯ ಬತ್ತಿ ತೆಗೆದ ದಿನ ಅವ್ವ ಫಿನಾಯಿಲ್ ವಾಸನೆ ಬಂತೆಂದು ನಕ್ಕಳು. ಊರಿಗೆ ಬರುವಾಗ ಬಸ್ಸಿನಲ್ಲಿ ಯಾರದೋ ಬುಟ್ಟಿಯೊಳಗಿನ ಪೇರಲ ಹಣ್ಣನ್ನೂ ಕಾಣದೆಯೇ ಗುರುತಿಸಿದಳು.

ಅವಳನ್ನು ನೋಡಲು ಕಬ್ಬೂರಿನಿಂದ ಅವಳ ತಂಗಿ, ನನ್ನ ಚಿಗವ್ವ ಬಂದಳು. ಬಸ್ ಸ್ಟ್ಯಾಂಡಿನ ಹತ್ತಿರ ಆಗಷ್ಟೇ ಕಂಠದವರೆಗೆ ತುಂಬಿಸಿದ ತಪಕೀರಿನ ಡಬ್ಬಿ ತೆರೆದು ಅವ್ವನ ಮುಂದೆ ಹಿಡಿದಳು.

"ಒಂದ್ ಚಿಮಟಿ ಏರಸ ಯಕ್ಕಾ. ನಾಕ್ ಸೀನ ಬಂದ್ರ ಡಾಕ್ಟರ್ ಬಿಟ್ಟದ್ದೂ ಹೊರಗ ಬೀಳತೈತಿ."

ನಾನು ಸಿಟ್ಟಾಗಿ, ನಶ್ಯ ಗಾಯಕ್ಕೆ ಏನು ಮಾಡುತ್ತದೆಂದು ಉದ್ದಕ್ಕೆ ವಿವರಿಸಿದೆ. ಸಾಲಿ ಕಲಿತವನು ಮೂಗಿಗೂ ಪಾಠ ಹೇಳುತ್ತಾನೆ ಎಂದು ಚಿಗವ್ವ ಚೇಷ್ಟೆ ಮಾಡಿದಳು. ಹೋಗುವಾಗ ಡಬ್ಬಿಯನ್ನು ಗೋಡೆಯ ಗೂಡಿನಲ್ಲಿ ಮರೆತಳು.

ಎರಡು ದಿನಕ್ಕೆ ಅವ್ವನ ಮೂಗಿನಿಂದ ಕೊಳೆತ ನಾತ ಬರತೊಡಗಿತು. ಅವಳಿಗೂ ಬಂತು, ಹೆದರಿದಳು. ಬ್ಯಾಟರಿ ಬಿಟ್ಟು ನೋಡಿದೆ. ಒಳಗೆ ಕಪ್ಪಗೆ ಏನೋ ಅಂಟಿತ್ತು. ಹೊಲಸು ಒಳಗಿದ್ದರೆ ಗಾಯ ಮಾಯುವುದಿಲ್ಲವೆಂದು ತರ್ಕಿಸಿದೆ. ಮುಳ್ಳು ತೆಗೆಯುವ ಚಿಮಟವನ್ನು ನೀರಲ್ಲಿ ಕುದಿಸಿದೆ, ಅಷ್ಟನ್ನು ಸರಿಯಾಗಿಯೇ ಮಾಡಿದೆ. ಹಕ್ಕಳೆಯನ್ನು ಎಳೆದೆ. ಅದರ ಬೆನ್ನಿಗೆ ಸೇಂಗಾ ಬೀಜದ ಸಿಪ್ಪೆಯಂಥ ತೆಳು ಪೊರೆಯೂ ಬಂತು. ಆಮೇಲೆ ರಕ್ತ.

ಏನು ಮಾಡಿದಿರಿ ಎಂದು ಮಿರಜಿನಲ್ಲಿ ಡಾಕ್ಟರು ಕೇಳಿದರು. ಮನೆಗೆ ಬಂದವರು ಇವಳಿಗೆ ತಪಕೀರು ಏರಿಸಿದರು, ಸೀನು ಬಂತು ಎಂದೆ. ಅವ್ವ ಮೂಗಿಗೆ ಅರಿವೆ ಒತ್ತಿಕೊಂಡು ಪಕ್ಕದಲ್ಲೇ ಕೂತಿದ್ದಳು.

ಗಾಯವೇನೋ ಮಾಯಿತು. ಆದರೆ ಒಳಗೆ ಎದುರುಬದುರಿನ ಗೋಡೆಗಳು ಒಂದಕ್ಕೊಂದು ಅಂಟಿ ಕಲೆಗಟ್ಟಿದವು. ಅವ್ವನಿಗೆ ವಾಸನೆ ಮತ್ತೆ ತಿಳಿಯಲಿಲ್ಲ. ವಖಾರಿಯವರು ಅವ್ವನನ್ನು ಎಲೆಯ ಕಡ್ಡಿ ಬಿಡಿಸುವ ಸಾಲಿನಲ್ಲಿ ಕೂರಿಸಿದರು.

ಡಾಕ್ಟರಿಗೆ ಹೇಳಿದ್ದನ್ನೇ ನಾನು ಬಂಧುಗಳಿಗೂ ಹೇಳಿದೆ. ಮುಂದಿನ ಸಲ ಬಂದಾಗ ಚಿಗವ್ವ ಬಾಗಿಲ ಹತ್ತಿರವೇ ಕೂತಳು. ತಾನು ಏರಿಸಿರಲಿಲ್ಲ, ಆದರೆ ಡಬ್ಬಿ ಬಿಟ್ಟುಹೋದದ್ದು ನಿಜ, ಆದ್ದರಿಂದ ತಾನು ಹೋದ ಮೇಲೆ ಅಕ್ಕ ಏರಿಸಿರಬೇಕು ಎಂದುಕೊಂಡಿದ್ದಳು. ತಪಕೀರು ಬಿಟ್ಟಿದ್ದಳು. ಮಾತಿನ ನಡುವೆ ಎರಡು ಬೆರಳು ಕೂಡಿ ಮೂಗಿನವರೆಗೆ ಹೋಗುತ್ತಿದ್ದವು, ಬರಿದೆಂದು ನೆನಪಾಗಿ ಇಳಿಯುತ್ತಿದ್ದವು.

"ನನ್ನ ಡಬ್ಬಿ ನಿನ್ನ ಕೆಲಸ ಕಸಗೊಂತಲ್ಲ ಯಕ್ಕಾ" ಎಂದಳು.

ಅವ್ವ ನನ್ನ ಕಡೆ ನೋಡಲಿಲ್ಲ. "ಹಣೇಬಾರಾ, ಬಿಡ" ಎಂದಳು.

ಆ ಮನೆಯಲ್ಲಿ ಹಣೆಬರಹದ ಮಾತೆತ್ತಿದರೆ ಜಗಳ ತೆಗೆಯುತ್ತಿದ್ದವನು ನಾನು. ಆ ದಿನ ಸುಮ್ಮನಿದ್ದೆ.

ಈಗ ಇಬ್ಬರೂ ಇಲ್ಲ. ಈಚೆಗೆ ನನಗೊಂದು ಚಿತ್ರ ಕಾಣುತ್ತದೆ: ಅವ್ವ ಗೂಡಿಗೆ ಕೈ ಹಾಕಿ, ಡಬ್ಬಿ ತೆರೆದು, ಚಿಮಟಿ ಏರಿಸುತ್ತಿದ್ದಾಳೆ. ಸೆರಗಿನ ಅಂಚಿನ ಬಣ್ಣವೂ ಸ್ಪಷ್ಟ. ಹಾಗಾಗಿದ್ದರೆ ಪೊರೆ ನಾನು ಎಳೆಯುವ ಮೊದಲೇ ಸಡಿಲವಾಗಿತ್ತು. ಇದು ಕಂಡದ್ದೋ ಕಟ್ಟಿಕೊಂಡದ್ದೋ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಆಗ ಇನ್ನೊಂದು ನೆನಪಾಗುತ್ತದೆ. ಬಾಗಿಲ ಹತ್ತಿರ ಕೂತ ಆ ದಿನ ಚಿಗವ್ವ ಹೊರಟಾಗ, ಗೂಡಿನಲ್ಲೇ ಇದ್ದ ಡಬ್ಬಿಯನ್ನು ಅವಳ ಕೈಗೆ ಕೊಟ್ಟವನು ನಾನು. ಅವಳು ಮುಖ ತಿರುಗಿಸಿಕೊಂಡು ಅದನ್ನು ಗಟಾರಕ್ಕೆ ಸುರುವಿದಳು, ಎಷ್ಟು ಉಳಿದಿದೆಯೆಂದು ನೋಡಲಿಲ್ಲ. ಕೊಡುವ ಮೊದಲು ನಾನು ನೋಡಿದ್ದೆ. ಕಂಠದವರೆಗೆ ತುಂಬಿತ್ತು.