ಅಕ್ಕನ ಪಾಲಿನ ಪಾಸ್‌ವರ್ಡ್

ಮೊನ್ನೆ ಚಳ್ಳಕೆರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರೋ ಎರಡು ಟ್ಯೂಬಿನ ಅಂಟು ಬೆರೆಸುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ಅಕ್ಕ ನೆನಪಾದರು.

ಅಕ್ಕ ನನ್ನ ಒಡಹುಟ್ಟಿದವರಲ್ಲ. ನಾಯಕನಹಟ್ಟಿ ರಸ್ತೆಯ ಸಣ್ಣ ಪ್ರಯೋಗಾಲಯದಲ್ಲಿ ನನ್ನ ಹಿರಿಯರು. ಅಣು ಇಂಧನ ಇಟ್ಟ ಕೋಣೆಗಳನ್ನು ಕಾಯುವ ಕ್ಯಾಮೆರಾ ಮಾಡುವುದು ನಮ್ಮ ಕೆಲಸ. ಅದನ್ನು ಯಾರಾದರೂ ಬಿಚ್ಚಲು ನೋಡಿದರೆ ಗುರುತು ಉಳಿಯಬೇಕು. ಒಳಗಿನ ಚಿತ್ರವನ್ನು ಯಾರೂ ತಿದ್ದಬಾರದು, ಕದ್ದು ನೋಡಲೂಬಾರದು. ಕ್ಯಾಮೆರಾ ಕೂರಿಸಿದ ಪೆಟ್ಟಿಗೆಯ ಅಂಚಿಗೆ ಅದೇ ಎರಡು ಟ್ಯೂಬಿನ ಅಂಟು ಹಚ್ಚುವ ಕೆಲಸವನ್ನು ಅಕ್ಕ ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ.

ಪರೀಕ್ಷೆಗೆಂದು ಖಾಲಿ ಡ್ರಮ್ಮೊಂದರ ಎದುರು ಕ್ಯಾಮೆರಾ ಇಟ್ಟಿದ್ದೆವು. ಇಡೀ ಮಳೆಗಾಲ ಅದು ಚಿತ್ರ ತೆಗೆಯಿತು. ಅಕ್ಕ ಅದರ ಮುಂದೆಯೇ ಓಡಾಡುತ್ತಿದ್ದರು, ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದರು, ಒಮ್ಮೊಮ್ಮೆ ಡ್ರಮ್ಮಿಗೆ ಒರಗಿ ನಗುತ್ತಿದ್ದರು... ಆ ಚಿತ್ರಗಳನ್ನು ತೆರೆಯಲು ಎರಡು ಪಾಸ್‌ವರ್ಡ್ ಬೇಕು. ಒಂದು ನನ್ನದು, ಇನ್ನೊಂದು ಅಕ್ಕನದು.

"ಎಲ್ಲೂ ಬರ್ದಿಡಬ್ಯಾಡ ತಮ್ಮ. ನಂದು ನಿಂಗೂ ಗೊತ್ತಾಗಬಾರ್ದು," ಅನ್ನುತ್ತಿದ್ದರು.

ಒಂದು ಸೋಮವಾರ ಅಕ್ಕ ಬರಲಿಲ್ಲ. ಮೊಳಕಾಲ್ಮೂರಿನ ಮನೆಯಲ್ಲಿ ತಲೆನೋವೆಂದು ಮಲಗಿದವರು ಏಳಲೇ ಇಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ.

ತಿಥಿ ಮುಗಿದ ಮೇಲೆ ಅವರ ತಾಯಿ ನಮ್ಮಲ್ಲಿಗೆ ಬಂದರು. ಪ್ರಯೋಗಾಲಯದೊಳಗೆ ಫೋನ್ ಬಿಡುತ್ತಿರಲಿಲ್ಲ. ಮದುವೆಮನೆಗಳಲ್ಲೂ ಫೋಟೊ ಅಂದರೆ ಅಕ್ಕ ಎದ್ದು ಹೋಗುತ್ತಿದ್ದರಂತೆ. ದೊಡ್ಡವರಾದ ಮೇಲಿನ ಒಂದು ಫೋಟೊವೂ ಮನೆಯಲ್ಲಿರಲಿಲ್ಲ.

"ನಿಮ್ಮ ಕ್ಯಾಮೆರಾದಾಗೆ ನನ್ನ ಮಗಳ ಫೋಟೊ ಐತಂತಲ್ಲಪ್ಪ. ಒಂದು ಕೊಡು."

"ಐತವ್ವ. ತೆಗೆಯಾಕೆ ಆಗ್ತಿಲ್ಲ."

"ನೀವೇ ಮಾಡಿದ್ದಲ್ಲೇನು?"

ಮೇಲಿನವರನ್ನು ಕೇಳಿ, ಅವ್ವನನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ನನ್ನ ಪಾಲಿನದನ್ನು ಹಾಕಿದೆ. ಅಕ್ಕನದಕ್ಕೆ ಅವ್ವ ಒಂದೊಂದೇ ಹೇಳುತ್ತ ಹೋದರು: ಮನೆದೇವರ ಹೆಸರು, ಇಲ್ಲವಾದ ತಂದೆಯ ಹೆಸರು, ಚಿಕ್ಕಂದಿನಲ್ಲಿ ಮಗಳನ್ನು ಕೂಗುತ್ತಿದ್ದ ಹೆಸರು... ಒಂದೂ ಸರಿಹೋಗಲಿಲ್ಲ. ತಪ್ಪು ಮಿತಿ ಮೀರಿತೆಂದು ಚಿತ್ರಗಳೆಲ್ಲ ಶಾಶ್ವತವಾಗಿ ಮುಚ್ಚಿಹೋದವು. ಹಾಗೆ ಮುಚ್ಚಿಹೋಗುವಂತೆ ಮಾಡಿದ್ದೂ ನಾವೇ, ಅಕ್ಕ ಮತ್ತು ನಾನು. ಅವ್ವನಿಗೆ ಅದು ತಿಳಿಯಲಿಲ್ಲ. ಇನ್ನೂ ಹೆಸರು ಹೇಳುತ್ತಲೇ ಇದ್ದರು. ನಾನು ಸುಮ್ಮನೆ ಟೈಪ್ ಮಾಡುತ್ತಲೇ ಇದ್ದೆ.

ಮೊನ್ನೆ ಅಂಗಡಿಯಿಂದ ಹಾಗೇ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಅವ್ವ ಬಹಳ ಇಳಿದುಹೋಗಿದ್ದರು. ಗೋಡೆಯ ಮೇಲೆ ಹಾರ ಹಾಕಿದ ಒಂದು ಫೋಟೊ. ಹತ್ತನೇ ತರಗತಿಯ ಹಾಲ್ ಟಿಕೆಟ್ಟಿನದನ್ನು ದೊಡ್ಡದು ಮಾಡಿಸಿದ್ದಂತೆ. ಎರಡು ಜಡೆಯ ಹುಡುಗಿ, ಮುಖವೆಲ್ಲ ಮಸುಕು. ನಾನು ಕಂಡ ಅಕ್ಕ ಅದರಲ್ಲಿ ಎಲ್ಲೂ ಇರಲಿಲ್ಲ.

"ಇಂಗೇ ಇದ್ಲಲ್ಲಪ್ಪ?" ಅವ್ವ ಕೇಳಿದರು.

"ಹೂಂ ಅವ್ವ," ಅಂದೆ. "ಇಂಗೇ ಇದ್ರು."