ಎರಡು ನೋಟ್‌ಬುಕ್ಕಿನ ಮಂಚಯ್ಯ
ಪಾಂಡವಪುರದ ಭೌತಶಾಸ್ತ್ರದ ಮೇಷ್ಟ್ರು ಮಂಚಯ್ಯನವರು ತಮ್ಮನ್ನು ಹೆಣ್ಣು ನೋಡಲು ಬಂದ ದಿನವೇ ಉಪ್ಪಿಟ್ಟಿನ ತಟ್ಟೆಯ ಪಕ್ಕ ಕಾಗದ ಹರಡಿ ಲೆಕ್ಕಕ್ಕೆ ಕುಳಿತದ್ದನ್ನು ಹೆಂಡತಿ ಮಂಗಳಮ್ಮ ಮರೆತಿಲ್ಲ. ಅವರದು ಕಣಗಳ ಲೆಕ್ಕ. ಲೆಕ್ಕದ ನಡುವೆ ಹುಟ್ಟುವ ಅನಂತ ಮೊತ್ತಗಳನ್ನೆಲ್ಲ ಕಣದ ದ್ರವ್ಯರಾಶಿಯಲ್ಲೂ ವಿದ್ಯುದಂಶದಲ್ಲೂ ಅಡಗಿಸಬೇಕು. ಸಾರು ಉಪ್ಪಾದರೂ "ಅನಂತ ಆಗಿಲ್ವಲ್ಲ, ಬುಡು" ಎನ್ನುವರು. ಪ್ರತಿ ಲೆಕ್ಕವನ್ನೂ ಎರಡು ಗೇಜಿನಲ್ಲಿ, ಎಂದರೆ ಅಳತೆಯ ಎರಡು ಬೇರೆ ನೆಲೆಗಳಿಂದ, ಎರಡು ನೋಟ್‌ಬುಕ್ಕಿನಲ್ಲಿ ಮಾಡುವರು. "ಕಟ್ಟೆ ನೀರ್ನ ತಳದಿಂದ ಅಳೆದ್ರೂ ಕಡಲಿಂದ ಅಳೆದ್ರೂ ಏರಿದ್ದು ಎರಡಡಿನೇ ಕಣಮ್ಮಿ. ಅಂಗೇ ಇಲ್ಲೂ ಉತ್ರ ಒಂದೇ ಬರ್ಬೇಕು." ಕೊನೆಯ ಸಾಲುಗಳನ್ನು ಹೋಲಿಸಿ ನೋಡುವುದು ಭೌತಶಾಸ್ತ್ರವರಿಯದ ಮಂಗಳಮ್ಮನ ಕೆಲಸ. ೧೯೯೬ರಲ್ಲಿ, ಒಂಬತ್ತು ವರ್ಷ ದುಡಿದ ಪಿಎಚ್.ಡಿ. ಪ್ರಬಂಧವನ್ನು ಒಪ್ಪಿಸುವ ಕಡೆಯ ದಿನ, ಮೈಸೂರಿನ ಬಸ್ಸಿಗೆ ಅರ್ಧ ಗಂಟೆಯಿದ್ದಾಗ, ಕೊನೆಯ ಸಾಲಿನ ಮೇಲೆ ಮಂಗಳಮ್ಮನ ಬೆರಳು ತಟ್ಟನೆ ನಿಂತಿತು. "ಇದ್ರಲ್ಲಿ ಒಂದಕ್ಸರ ಜಾಸ್ತಿ ಅದೆ ಕಣ್ರೀ." ಮಂಚಯ್ಯನವರು ಎರಡು ನೋಟ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದರು; ಉತ್ತರಗಳು ಒಂದಾಗಿರಲಿಲ್ಲ, ಲೆಕ್ಕ ಎಲ್ಲೋ ತಪ್ಪಿತ್ತು. "ಅಷ್ಟು ಪುಟದಲ್ಲಿ ಯಾರ್ ನೋಡಾರು, ಕೊಟ್ಬುಟ್ಟು ಬನ್ನಿ" ಎಂದದ್ದೂ ಮಂಗಳಮ್ಮನೇ. "ನೀನ್ ನೋಡ್ಬುಟ್ಯಲ್ಲಮ್ಮಿ" ಎಂದು ಅವರು ಮೆಟ್ಟಿದ್ದ ಚಪ್ಪಲಿಯನ್ನು ಬಿಟ್ಟರು. ಬಸ್ಸು ಹೋಯಿತು, ನೋಂದಣಿಯೂ ಹೋಯಿತು. ಈಗ ಅವರು ಅದೇ ಲೆಕ್ಕವನ್ನು ಮೊದಲ ಪುಟದಿಂದ ಮತ್ತೆ ಮಾಡುತ್ತಿದ್ದಾರೆ, ಯಾರಿಗೂ ಒಪ್ಪಿಸಬೇಕಿಲ್ಲದಿದ್ದರೂ.